‘ತಲುಪಿಸಲಾಗಿದೆ’ ಎಂಬ ಸಂದೇಶ ಬಂತು, ಪಾರ್ಸೆಲ್ ಬರಲಿಲ್ಲ: ಕೊಡಗಿನವರು ಯಾರನ್ನು ಕೇಳಬೇಕು?

ನಾಪೋಕ್ಲು ಕಡೆಯ ತೋಟದವನು

ಎಲ್ಲರಿಗೂ ನಮಸ್ಕಾರ. ನಾಪೋಕ್ಲಿನಿಂದ ಆರು ಕಿಲೋಮೀಟರ್ ಒಳಗೆ, ಹೊಳೆ ದಾಟಿ ಹೋಗಬೇಕಾದ ಜಾಗದಲ್ಲಿ ನಮ್ಮ ಎರಡೂವರೆ ಎಕರೆ ಕಾಫಿ ತೋಟವಿದೆ. ಮಳೆಗಾಲದಲ್ಲಿ ಕಳೆ ತೆಗೆಯಲು ಆಳುಗಳು ಸಿಗುವುದಿಲ್ಲವಾದ್ದರಿಂದ ಜುಲೈ ಮೊದಲ ವಾರದಲ್ಲಿ ಒಂದು ಆನ್‌ಲೈನ್ ತಾಣದಿಂದ ಕಳೆ ಕೊಚ್ಚುವ ಯಂತ್ರವನ್ನು 18,400 ರೂಪಾಯಿಗೆ ತರಿಸಲು ಹೊರಟು, ಅಷ್ಟೂ ಹಣವನ್ನು ಯುಪಿಐ ಮೂಲಕ ಮೊದಲೇ ಕಟ್ಟಿದೆ. ನನ್ನ ಸಿಮ್‌ಗೆ ಮನೆಯಲ್ಲಿ ರೇಂಜ್ ಸಿಗದ ಕಾರಣ ಅಮ್ಮನ ಮೊಬೈಲ್ ನಂಬರನ್ನು ವಿಳಾಸದ ಜೊತೆ ಕೊಟ್ಟಿದ್ದೆ.

ಮಂಗಳವಾರ ಮಧ್ಯಾಹ್ನ 3 ಗಂಟೆ 52 ನಿಮಿಷಕ್ಕೆ ಅಮ್ಮನಿಗೆ ಕರೆ ಬಂತು. ಹೊಳೆಯ ನೀರು ರಸ್ತೆಗೆ ಬಂದಿದೆ, ಗಾಡಿ ಮೇಲೆ ಬರುವುದಿಲ್ಲ, ಇವತ್ತು ಸಂಜೆಯೊಳಗೆ ನಮೂದಾಗದಿದ್ದರೆ ಪೆಟ್ಟಿಗೆ ಮೈಸೂರಿಗೆ ವಾಪಸ್ ಹೋಗುತ್ತದೆ, ಮೊಬೈಲ್‌ಗೆ ಬಂದಿರುವ ನಂಬರ್ ಹೇಳಿಬಿಡಿ, ನಾಳೆ ಬೆಳಿಗ್ಗೆ ತಂದುಕೊಡುತ್ತೇನೆ ಎಂದು ಆ ಕಡೆಯ ಹುಡುಗ ಕೇಳಿಕೊಂಡನಂತೆ. ಇಂಥ ಮಳೆಯಲ್ಲಿ ಪಾಪದ ಹುಡುಗ ಯಾಕೆ ಒದ್ದಾಡಬೇಕು ಎಂದುಕೊಂಡು ಅಮ್ಮ ಓಟಿಪಿ ಹೇಳಿಬಿಟ್ಟರು. 3 ಗಂಟೆ 55 ನಿಮಿಷಕ್ಕೆ ‘ತಲುಪಿಸಲಾಗಿದೆ’ ಎಂಬ ಸಂದೇಶ ಬಂತು. ಅದೇ ರಾತ್ರಿ ಮರ ಬಿದ್ದು ಕರೆಂಟ್ ಹೋಯಿತು, ಟವರ್ ಕೂಡ ನಿಂತಿತು. ಮತ್ತೆ ಫೋನ್ ಜೀವ ಪಡೆದದ್ದು ಶುಕ್ರವಾರ. ಅಷ್ಟರಲ್ಲಿ ಯಾರೂ ಮನೆಗೆ ಬಂದಿರಲಿಲ್ಲ, ಕರೆ ಬಂದಿದ್ದ ನಂಬರ್ ಸ್ವಿಚ್ ಆಫ್ ಆಗಿತ್ತು, ಕೆಳಗಿನ ಜಂಕ್ಷನ್ನಿನ ಅಂಗಡಿಯಲ್ಲೂ ಯಾವ ಪೆಟ್ಟಿಗೆಯೂ ಇರಲಿಲ್ಲ.

ಕಸ್ಟಮರ್ ಕೇರ್‌ಗೆ ನಾಲ್ಕು ಬಾರಿ ಕರೆ ಮಾಡಿದೆ. ‘ಓಟಿಪಿ ಪಡೆದು ಗ್ರಾಹಕರ ಕೈಗೇ ಕೊಡಲಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಒಂದೇ ಉತ್ತರ ಬರುತ್ತಿದೆ. ತಪ್ಪು ತನ್ನದೇ ಎಂದು ಅಮ್ಮ ಮೂರು ದಿನಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಓಟಿಪಿ ಹೇಳಿದ ಮಾತ್ರಕ್ಕೆ ನಮ್ಮ ಹಕ್ಕು ಮುಗಿದುಹೋಯಿತೇ? ಮೊಕದ್ದಮೆ ಹೂಡಬೇಕೆಂದರೆ ಬೆಂಗಳೂರಿಗೆ ಅಲೆಯಬೇಕೇ? ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರದ ಗೃಹಿಣಿ

ಮೊದಲು ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ನನ್ನಂಥ ಪದವೀಧರೆಯೇ ಇದಕ್ಕಿಂತ ದೊಡ್ಡ ಹಳ್ಳಕ್ಕೆ ಬೀಳುವುದರಲ್ಲಿದ್ದೆ. ಕಳೆದ ವರ್ಷ ನನಗೆ ಬರಬೇಕಿದ್ದ ಮಿಕ್ಸಿ ಇದೇ ರೀತಿ ಕಾಣೆಯಾದಾಗ, ಕಂಪನಿಯ ನಂಬರನ್ನು ಅದರ ಆ್ಯಪ್‌ನಲ್ಲಿ ಹುಡುಕುವ ಬದಲು ಗೂಗಲ್‌ನಲ್ಲಿ ಹುಡುಕಿದೆ. ಮೊದಲು ಸಿಕ್ಕ ನಂಬರಿಗೆ ಕರೆ ಮಾಡಿದಾಗ ಬಹಳ ಸೌಜನ್ಯದಿಂದ ಮಾತನಾಡಿದ ವ್ಯಕ್ತಿ, ವಿಳಾಸ ಸರಿಪಡಿಸಲು ಐದು ರೂಪಾಯಿ ಕಟ್ಟಬೇಕೆಂದು ಒಂದು ಲಿಂಕ್ ಕಳುಹಿಸಿದ. ಬಳಿಕ ಸ್ಟಾರ್ 401 ಸ್ಟಾರ್ ಒತ್ತಿ ಒಂದು ಮೊಬೈಲ್ ನಂಬರಿಗೆ ಡಯಲ್ ಮಾಡಿ ಎಂದ. ಪಕ್ಕದಲ್ಲಿದ್ದ ಮಗ ಫೋನ್ ಕಸಿದುಕೊಂಡದ್ದರಿಂದ ಬಚಾವಾದೆ. ಆ ಅಂಕಿಗಳನ್ನು ಒತ್ತಿದರೆ ನಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗುತ್ತವೆಯಂತೆ, ಕರೆಯ ಮೂಲಕ ಬರುವ ಓಟಿಪಿಯೂ ಸೇರಿದಂತೆ. ಹಾಗೇನಾದರೂ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಪಾರ್ಸೆಲ್ ಕಳೆದುಕೊಂಡು ಗಾಬರಿಯಲ್ಲಿರುವವರನ್ನೇ ಹುಡುಕಿ ಹಿಡಿಯುವ ವಂಚಕರಿದ್ದಾರೆ ಎಂಬುದು ನೆನಪಿರಲಿ.

ನಿಮ್ಮ ವಿಷಯಕ್ಕೆ ಬಂದರೆ, ಇನ್ನು ಮೇಲೆ ಬರೀ ಬಾಯಿಮಾತಿನಲ್ಲಿ ದೂರಬೇಡಿ. ಆ್ಯಪ್‌ನಲ್ಲಿ ಚಾಟ್ ಮಾಡಿದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಪ್ರತಿ ದೂರಿಗೂ ಕೊಡುವ ಸಂಖ್ಯೆಯನ್ನು ಬರೆದುಕೊಳ್ಳಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಅವರು ದೂರನ್ನು ಕಂಪನಿಗೆ ಕಳುಹಿಸಿದ ಹನ್ನೊಂದನೆಯ ದಿನ ನನ್ನ ಹಣ ಮರಳಿತು.

ಮಡಿಕೇರಿಯ ವಕೀಲ

ಅಕ್ಕ ಹೇಳಿದ್ದು ಸರಿಯಾದ ಮೊದಲ ಹೆಜ್ಜೆ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅದು ಮಧ್ಯೆ ನಿಂತು ಮಾತನಾಡಿಸುವ ವ್ಯವಸ್ಥೆ ಮಾತ್ರ. ಆದರೂ ಬಹಳಷ್ಟು ಸಣ್ಣ ದೂರುಗಳು ಅಲ್ಲಿಯೇ ತೀರುವುದನ್ನು ಕಂಡಿದ್ದೇನೆ.

ತೋಟದವರು ಕೇಳಿದ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ. ಬೆಂಗಳೂರಿಗೆ ಹೋಗಬೇಕಾಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲವಿರಲಿಲ್ಲ. ಎದುರುದಾರರು ಎಲ್ಲಿದ್ದಾರೆ, ವ್ಯವಹಾರ ಎಲ್ಲಿ ನಡೆಯಿತು ಎಂಬುದರ ಮೇಲೆ ವಾದ ನಡೆಯುತ್ತಿತ್ತು. ನಿಮಗೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಸಾಕು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕೆಂಬ ಕಡ್ಡಾಯವೂ ಇಲ್ಲ (ಇದನ್ನು ಬರೆಯುತ್ತಿರುವವನು ವಕೀಲ ಎಂಬುದನ್ನು ಗಮನಿಸಿ). ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು. ಮೊದಲು ಇ-ದಾಖಿಲ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ.

ಇನ್ನು ಓಟಿಪಿಯ ವಿಷಯ. ಓಟಿಪಿ ಎಂಬುದು ವಸ್ತು ಕೈಸೇರಿದೆ ಎಂಬುದಕ್ಕೆ ಒಂದು ಸಾಕ್ಷ್ಯವೇ ಹೊರತು ವಸ್ತುವೇ ಅಲ್ಲ. ಅದು ಬಲವಾದ ಸಾಕ್ಷ್ಯ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದನ್ನು ಸುಳ್ಳೆಂದು ತೋರಿಸಲು ನಿಮಗೆ ಅವಕಾಶವಿದೆ, ಮತ್ತು ನಿಮ್ಮ ಪ್ರಕರಣದಲ್ಲಿ ಅದಕ್ಕೆ ಬೇಕಾದದ್ದು ನಿಮ್ಮ ತಾಯಿಯವರ ಫೋನಿನಲ್ಲೇ ಇದೆ. 3:52ಕ್ಕೆ ಕರೆ, 3:55ಕ್ಕೆ ‘ತಲುಪಿಸಲಾಗಿದೆ’. ಮನೆಯ ಬಾಗಿಲಲ್ಲಿ ನಿಂತಿರುವವನು ಓಟಿಪಿ ಕೇಳಲು ಫೋನ್ ಮಾಡುವುದಿಲ್ಲ. ಆ ಕರೆಯ ದಾಖಲೆ ಅಳಿಸಿಹೋಗದಂತೆ ನೋಡಿಕೊಳ್ಳಿ, ಚಿತ್ರ ತೆಗೆದಿಡಿ, ಆದರೆ ಚಿತ್ರವಿದೆಯೆಂದು ಮೂಲ ಫೋನನ್ನು ಮಾರಬೇಡಿ. ವಿದ್ಯುನ್ಮಾನ ದಾಖಲೆಯ ಜೊತೆ, ಅದು ಯಾವ ಸಾಧನದಿಂದ ಬಂತೆಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿದರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ. ಆ ಕರೆಯಲ್ಲಿ ನಡೆದ ಮಾತನ್ನು ನಿಮ್ಮ ತಾಯಿಯವರೇ ಪ್ರಮಾಣ ಮಾಡಿ ಹೇಳಬೇಕು. ತಪ್ಪು ಮಾಡಿದವರಂತೆ ಅವರು ಕುಗ್ಗಬೇಕಾಗಿಲ್ಲ. ಈ ಪ್ರಕರಣದಲ್ಲಿ ಅವರು ಮುಖ್ಯ ಸಾಕ್ಷಿ.

ಈಗ ಮಾಡಬೇಕಾದ ಕೆಲಸ ಒಂದೇ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕವನ್ನು ತನ್ನ ತಾಣದಲ್ಲಿ ಪ್ರಕಟಿಸಿರಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ಬಂದಿದೆಯೆಂದು ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಸ್ಟಮರ್ ಕೇರ್‌ನ ಹುಡುಗರ ಬಳಿ ನಾಲ್ಕಲ್ಲ, ನಲವತ್ತು ಬಾರಿ ಮಾತನಾಡಿದರೂ ಈ ಗಡುವು ಆರಂಭವಾಯಿತೆಂದು ಖಚಿತವಾಗಿ ಹೇಳಲಾಗುವುದಿಲ್ಲ. ಇಂದೇ ಆ ಅಧಿಕಾರಿಗೆ ಇಮೇಲ್ ಬರೆಯಿರಿ. ಅದರಲ್ಲಿ ಮೂರನ್ನು ಕೇಳಿ: ‘ತಲುಪಿಸಲಾಗಿದೆ’ ಎಂದು ನಮೂದಿಸಿದ ಕ್ಷಣದಲ್ಲಿ ಡೆಲಿವರಿ ಹುಡುಗನ ಸಾಧನವಿದ್ದ ಸ್ಥಳದ ದಾಖಲೆ, ತಲುಪಿಸಿದ್ದಕ್ಕೆ ಸಹಿ ಅಥವಾ ಚಿತ್ರ, ಮತ್ತು ಮಾರಾಟಗಾರರ ಪೂರ್ಣ ವಿಳಾಸ. ಕೊನೆಯದನ್ನು ಲಿಖಿತವಾಗಿ ಕೇಳಿದ ಗ್ರಾಹಕನಿಗೆ ಕೊಡಬೇಕೆಂದು ಅದೇ ನಿಯಮಗಳಲ್ಲಿದೆ.

ವಿರಾಜಪೇಟೆಯ ಜೇನು ವ್ಯಾಪಾರಿ

ನಾನು ಈ ಚರ್ಚೆಗೆ ಇನ್ನೊಂದು ಬದಿಯಿಂದ ಬರುತ್ತಿದ್ದೇನೆ. ಆರು ವರ್ಷಗಳಿಂದ ಜೇನು, ಕಾಳುಮೆಣಸು ಮತ್ತು ಕಾಫಿಪುಡಿಯನ್ನು ಹೊರ ಊರುಗಳಿಗೆ ಕಳುಹಿಸುತ್ತಿದ್ದೇನೆ. ಮೂರು ಬಾಟಲಿ ಜೇನು ತಿಂದು ಮುಗಿಸಿ, ಪಾರ್ಸೆಲ್ ಬರಲೇ ಇಲ್ಲ ಎಂದವರನ್ನೂ ಕಂಡಿದ್ದೇನೆ. ದೊಡ್ಡ ಕಂಪನಿಗಳಿಗೆ ಒಂದು ಪಾರ್ಸೆಲ್ಲಿನ ಹಣ ಹಿಂದಿರುಗಿಸುವುದು ಲೆಕ್ಕಕ್ಕಿಲ್ಲದ ವಿಷಯ. ನನ್ನಂಥವನಿಗೆ ಅದು ಒಂದು ವಾರದ ಲಾಭ. ಎಲ್ಲ ಗ್ರಾಹಕರೂ ಸತ್ಯವಂತರು ಎಂಬ ನೆಲೆಯಿಂದ ಚರ್ಚೆ ಹೊರಟರೆ ನಮ್ಮಂಥವರ ಪಾಡು ಏನು?

ವಕೀಲರಿಗೆ ನನ್ನದೊಂದು ಪ್ರಶ್ನೆ. ನನ್ನ ಲೆಕ್ಕಪರಿಶೋಧಕರು 1930ರ ಸರಕುಗಳ ಮಾರಾಟ ಕಾಯ್ದೆಯನ್ನು ತೋರಿಸಿ, ಕೊಳ್ಳುವವನಿಗೆ ತಲುಪಿಸಲೆಂದು ಸಾಗಣೆದಾರನ ಕೈಗೆ ಸರಕನ್ನು ಒಪ್ಪಿಸಿದರೆ ಅದನ್ನು ಕೊಳ್ಳುವವನಿಗೇ ಒಪ್ಪಿಸಿದಂತೆ ಎಂದು 39ನೇ ಕಲಮಿನಲ್ಲಿದೆ ಎಂದಿದ್ದರು. ಹಾಗಿದ್ದ ಮೇಲೆ ಕೊರಿಯರ್‌ನವನು ಕಳೆದದ್ದಕ್ಕೆ ಮಾರಿದವನು ಯಾಕೆ ಹೊಣೆ?

ಮಡಿಕೇರಿಯ ವಕೀಲ

ಒಳ್ಳೆಯ ಪ್ರಶ್ನೆ. ಕಂಪನಿಗಳ ಪರ ವಕೀಲರೂ ಇದನ್ನೇ ಎತ್ತಬಹುದಾದ್ದರಿಂದ ಉತ್ತರ ತಿಳಿದಿರುವುದು ತೋಟದವರಿಗೂ ಒಳ್ಳೆಯದು. ಆ ಕಲಮು ಇರುವುದು ನಿಜ. ಆದರೆ ಅದರಲ್ಲಿ ‘ಮೇಲ್ನೋಟಕ್ಕೆ’ ಎಂಬ ಮಾತಿದೆ, ಅಂದರೆ ಬೇರೆ ಒಪ್ಪಂದವಿಲ್ಲದಿದ್ದಾಗ ಹಾಗೆ ಭಾವಿಸಬೇಕು ಎಂದಷ್ಟೇ ಅರ್ಥ. ಮೈಸೂರಿನ ಮಂಡಿಯವನು ಲಾರಿಗೆ ಮೂಟೆ ಹೇರಿ ಕಳುಹಿಸುತ್ತಿದ್ದ ಕಾಲದ ಮಾತು ಅದು. ಅಲ್ಲಿ ಲಾರಿಯನ್ನು ಗೊತ್ತು ಮಾಡುತ್ತಿದ್ದವನು ಎಷ್ಟೋ ಸಲ ಕೊಳ್ಳುವವನೇ. ಇಲ್ಲಿ ‘ನಿಮ್ಮ ಮನೆ ಬಾಗಿಲಿಗೆ’ ಎಂದು ಮಾತು ಕೊಟ್ಟು, ಸಾಗಣೆ ವೆಚ್ಚವನ್ನೂ ವಸೂಲು ಮಾಡಿ, ಕೊರಿಯರ್ ಯಾರೆಂದು ಆರಿಸುವ ಅವಕಾಶವನ್ನೂ ಕೊಳ್ಳುವವನಿಗೆ ಕೊಡದ ಮೇಲೆ, ಮನೆ ಬಾಗಿಲಿಗೆ ತಲುಪಿಸುವುದೇ ಒಪ್ಪಂದವಾಗುತ್ತದೆ. ಜೊತೆಗೆ, ಮಾರಿದವನು ಸಾಗಣೆದಾರನೊಂದಿಗೆ ಸಮಂಜಸವಾದ ಕರಾರು ಮಾಡಿಕೊಳ್ಳದೆ ಸರಕು ಕಳೆದುಹೋದರೆ, ಸಾಗಣೆದಾರನಿಗೆ ಒಪ್ಪಿಸಿದ್ದನ್ನು ತನಗೆ ಒಪ್ಪಿಸಿದಂತೆ ಎಂದು ಕೊಳ್ಳುವವನು ಒಪ್ಪಬೇಕಾಗಿಲ್ಲ ಎಂದು ಅದೇ ಕಲಮಿನ ಎರಡನೆಯ ಭಾಗ ಹೇಳುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಪರಿಹಾರ ಬೇರೆ ಕಾನೂನುಗಳಿಗೆ ಹೆಚ್ಚುವರಿಯಾದದ್ದು ಎಂದು ಅದರ 100ನೇ ಕಲಮಿನಲ್ಲಿದೆ.

ಹಾಗೆಂದು ನಿಮ್ಮ ನಷ್ಟವನ್ನು ನೀವೇ ನುಂಗಬೇಕೆಂದಿಲ್ಲ. ಗ್ರಾಹಕನಿಗೆ ಹಣ ಮರಳಿಸಿ, ಅದನ್ನು ಕೊರಿಯರ್‌ನವರಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ರಸ್ತೆ ಸಾಗಣೆ ಕುರಿತ 2007ರ ಕಾಯ್ದೆಯ ವ್ಯಾಪ್ತಿಗೆ ಅವರು ಬರುವುದಾದರೆ, ಬುಕಿಂಗ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡಲೇಬೇಕು ಎಂಬುದನ್ನು ಮರೆಯಬೇಡಿ. ಬೆಲೆಬಾಳುವ ಸರಕಾದರೆ ಅದರ ಬೆಲೆಯನ್ನು ಬುಕಿಂಗ್ ಸಮಯದಲ್ಲೇ ಘೋಷಿಸಿ.

ಗೋಣಿಕೊಪ್ಪಲಿನಿಂದ, ಮೊದಲು ಡೆಲಿವರಿ ಮಾಡುತ್ತಿದ್ದವನು

ಮೂರು ವರ್ಷ ಈ ಕೆಲಸ ಮಾಡಿ ಬಿಟ್ಟಿದ್ದೇನೆ. ಯಾವ ಕಂಪನಿ ಎಂದು ಹೇಳುವುದಿಲ್ಲ. ಆ ಹುಡುಗ ಕದ್ದಿದ್ದಾನೆ ಎಂದು ಇಲ್ಲಿ ಎಲ್ಲರೂ ಒಳಗೊಳಗೇ ತೀರ್ಮಾನಿಸಿದಂತೆ ಕಾಣುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮಗೆ ಸಂಬಳವಿರಲಿಲ್ಲ, ತಲುಪಿಸಿದ ಪ್ರತಿ ಪಾರ್ಸೆಲ್ಲಿಗೆ ಇಷ್ಟು ಎಂಬ ಲೆಕ್ಕ, ಪೆಟ್ರೋಲ್ ನಮ್ಮದೇ. ಪೇಟೆಯಲ್ಲಿ ಒಂದು ಗಂಟೆಯಲ್ಲಿ ಹದಿನೈದು ಮನೆ ಮುಗಿಯುತ್ತದೆ. ತೋಟದ ಮನೆಯೆಂದರೆ ಗೇಟಿನಿಂದಲೇ ಎರಡು ಕಿಲೋಮೀಟರ್, ಆಮೇಲೆ ನಾಯಿ, ಮಳೆಗಾಲದಲ್ಲಿ ಜಾರುವ ಕೆಸರು, ಕೆಲವು ಕಡೆ ಸಂಜೆ ಐದರ ನಂತರ ಆನೆ. ಹಿಂದೆ ಹೋದ ಪಾರ್ಸೆಲ್ ಹೆಚ್ಚಾದರೆ ಹಬ್ಬಿನಲ್ಲಿ (ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ) ಬೈಗುಳ, ಹಣ ಕಡಿತ. ಆದ್ದರಿಂದ ಮೊದಲು ಓಟಿಪಿ ಪಡೆದು ನಮೂದಿಸಿ, ಮಾರನೆಯ ದಿನ ಕೊಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿತ್ತು. ನಾನೂ ಮಾಡಿದ್ದೇನೆ. ಅದು ತಪ್ಪು ಎಂದು ಆಗಲೂ ಗೊತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಮಾರನೆಯ ದಿನ ವಸ್ತು ತಲುಪುತ್ತಿತ್ತು. ಉಳಿದ ಒಂದು ಸಲ ಹುಡುಗ ಕೆಲಸ ಬಿಟ್ಟಿರುತ್ತಿದ್ದ, ಪೆಟ್ಟಿಗೆ ಮಳೆಯಲ್ಲಿ ನೆನೆದಿರುತ್ತಿತ್ತು, ಅಥವಾ ಹೌದು, ಯಾರೋ ಇಟ್ಟುಕೊಂಡಿರುತ್ತಿದ್ದರು.

ವಕೀಲರು ಸ್ಥಳದ ದಾಖಲೆ ಕೇಳಿ ಎಂದಿದ್ದಾರೆ. ಅದರಲ್ಲಿ ಒಂದು ಸೂಕ್ಷ್ಮವಿದೆ. ನಾವು ಬಳಸುತ್ತಿದ್ದ ಆ್ಯಪ್ ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಮೂದನ್ನು ಹಿಡಿದಿಟ್ಟುಕೊಂಡು, ರೇಂಜ್ ಸಿಕ್ಕಾಗ ಹಬ್ಬಿಗೆ ಕಳುಹಿಸುತ್ತಿತ್ತು. ಹೀಗಾಗಿ ನಿಜವಾಗಿಯೂ ಮನೆಯಲ್ಲಿ ಕೊಟ್ಟಿದ್ದರೂ ದಾಖಲೆಯಲ್ಲಿ ಪೇಟೆಯ ಜಾಗ, ತಡವಾದ ಸಮಯ ಬೀಳುವುದುಂಟು. ನಮೂದಿಸಿದ ಸಮಯ ಮತ್ತು ರವಾನೆಯಾದ ಸಮಯ ಎರಡನ್ನೂ ಕೇಳಿ. ಅಂದಿನ ಡೆಲಿವರಿ ಹಾಳೆಯಲ್ಲಿ ನಿಮ್ಮ ಪಾರ್ಸೆಲ್ಲಿನ ಹಿಂದಿನ ಮತ್ತು ಮುಂದಿನ ವಿಳಾಸಗಳು ಎಷ್ಟು ಹೊತ್ತಿಗೆ ಮುಗಿದಿವೆ ಎಂದೂ ಕೇಳಿ. 3:50ಕ್ಕೆ ಪೇಟೆಯಲ್ಲೊಂದು, 3:55ಕ್ಕೆ ನಿಮ್ಮದು, 3:58ಕ್ಕೆ ಮತ್ತೆ ಪೇಟೆಯಲ್ಲೊಂದು ಎಂದಿದ್ದರೆ ಆರು ಕಿಲೋಮೀಟರ್ ಹಾರಿ ಹೋಗಲು ಸಾಧ್ಯವಿಲ್ಲವಲ್ಲ.

ನಾಪೋಕ್ಲು ಕಡೆಯ ತೋಟದವನು

ಅಣ್ಣ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಆ ಹುಡುಗನ ಧ್ವನಿ ಕಳ್ಳನ ಧ್ವನಿಯಂತಿರಲಿಲ್ಲ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದಾರೆ. ಪೊಲೀಸ್ ಠಾಣೆಗೆ ಹೋಗಲು ನನಗೆ ಮನಸ್ಸು ಬಾರದಿರುವುದಕ್ಕೂ ಅದೇ ಕಾರಣ.

ವಕೀಲರಲ್ಲಿ ಇನ್ನೂ ಎರಡು ಸಂಶಯಗಳಿವೆ. ಯಂತ್ರವನ್ನು ಕೊಂಡದ್ದು ತೋಟಕ್ಕೆ. ಇದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ ಎಂದು ಅವರು ಹೇಳಬಹುದೇ? ಎರಡನೆಯದು, ಈ ಹಿಂದೆ ಎರಡು ಪಾರ್ಸೆಲ್‌ಗಳನ್ನು ಜಂಕ್ಷನ್ನಿನ ಅಂಗಡಿಯಲ್ಲಿ ಬಿಟ್ಟುಹೋಗಿ ಎಂದು ನಾನೇ ಹೇಳಿದ್ದೆ. ಅದನ್ನು ನನ್ನ ವಿರುದ್ಧ ಬಳಸಬಹುದೇ?

ಮಡಿಕೇರಿಯ ವಕೀಲ

ಮೊದಲನೆಯದನ್ನು ಅವರು ಹೇಳಬಹುದು, ಆದರೆ ನಿಲ್ಲುವುದು ಕಷ್ಟ. ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಕಾಯ್ದೆ ಹೊರಗಿಟ್ಟಿದೆ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ತಾನೇ ಬಳಸುವವನನ್ನು ಒಳಗೆ ಸೇರಿಸಿಕೊಂಡಿದೆ. ಎರಡೂವರೆ ಎಕರೆಯಲ್ಲಿ ಯಂತ್ರವನ್ನು ನೀವೇ ಹೆಗಲಿಗೆ ಹಾಕಿಕೊಳ್ಳುತ್ತೀರಿ ಎಂಬುದನ್ನು ದೂರಿನ ಎರಡನೆಯ ಪ್ಯಾರಾದಲ್ಲೇ ಬರೆದುಬಿಡಿ. ನೂರಾರು ಎಕರೆಯ ಎಸ್ಟೇಟ್ ಕಂಪನಿ ಹತ್ತು ಯಂತ್ರ ಕೊಂಡಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಎರಡನೆಯದು ಕೊಡಗಿನ ಮಟ್ಟಿಗೆ ಬಹಳ ಮುಖ್ಯವಾದ ಪ್ರಶ್ನೆ. ನಮ್ಮಲ್ಲಿ ಅರ್ಧ ಪಾರ್ಸೆಲ್‌ಗಳು ಅಂಗಡಿಯಲ್ಲೋ, ಹಾಲಿನ ಡೈರಿಯಲ್ಲೋ, ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲೋ ಇಳಿಯುತ್ತವೆ. ನೀವು ಒಂದು ಪಾರ್ಸೆಲ್ಲಿಗೆ ಸ್ಪಷ್ಟವಾಗಿ ‘ಅಲ್ಲಿ ಕೊಡಿ’ ಎಂದಿದ್ದರೆ, ಆ ಪಾರ್ಸೆಲ್ಲಿನ ಮಟ್ಟಿಗೆ ಅಂಗಡಿಯವರು ನಿಮ್ಮ ಪರವಾಗಿ ಪಡೆದಂತಾಗುತ್ತದೆ. ಅಲ್ಲಿಂದ ಕಳೆದುಹೋದರೆ ಮಾರಾಟಗಾರನನ್ನು ದೂರುವುದು ಕಷ್ಟ. ಆದರೆ ಕಳೆದ ವರ್ಷ ಕೊಟ್ಟ ಅನುಮತಿ ಈ ವರ್ಷದ ಪಾರ್ಸೆಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಅಂಗಡಿಯಲ್ಲಿ ಬಿಟ್ಟಿದ್ದೇವೆ ಎಂದು ಅವರೇ ಹೇಳುತ್ತಿಲ್ಲ, ಗ್ರಾಹಕರ ಕೈಗೇ ಕೊಟ್ಟಿದ್ದೇವೆ ಎನ್ನುತ್ತಿದ್ದಾರೆ. ನಾಳೆ ಮಾತು ಬದಲಿಸಿದರೆ ಅದೇ ನಿಮಗೆ ಅನುಕೂಲ. ಇರಲಿ, ಅಂಗಡಿಯವರಿಂದ ‘ಆ ವಾರ ನನ್ನಲ್ಲಿ ಯಾವ ಪೆಟ್ಟಿಗೆಯನ್ನೂ ಇಟ್ಟಿಲ್ಲ’ ಎಂಬ ಎರಡು ಸಾಲಿನ ಸಹಿ ಮಾಡಿದ ಪತ್ರ ಪಡೆದುಕೊಳ್ಳಿ.

ಪೊಲೀಸರ ವಿಷಯದಲ್ಲಿ ನಿಮ್ಮ ಹಿಂಜರಿಕೆಯನ್ನು ಗೌರವಿಸುತ್ತೇನೆ. ವಹಿಸಿಕೊಟ್ಟ ಸರಕನ್ನು ಸಾಗಣೆದಾರನೇ ಲಪಟಾಯಿಸಿದರೆ ಅದು ನಂಬಿಕೆ ದ್ರೋಹದ ಅಪರಾಧ, ಅದರಲ್ಲಿ ಅನುಮಾನವಿಲ್ಲ. ಆದರೆ ಗ್ರಾಹಕರ ಆಯೋಗಕ್ಕೆ ಹೋಗಲು ಪೊಲೀಸ್ ದೂರು ಪೂರ್ವಷರತ್ತಲ್ಲ. ‘ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ’ ಎಂದು ಕಂಪನಿಯವರು ಹೇಳಿದರೆ, ನಿಮ್ಮ ನೌಕರನ ಮೇಲೆ ಅನುಮಾನವಿದ್ದರೆ ನೀವೇ ದೂರು ಕೊಡಿ ಎಂದು ಬರೆಯಿರಿ. ಯಾರು ಕದ್ದರೆಂದು ಪತ್ತೆ ಹಚ್ಚುವುದು ಕೊಂಡವನ ಕೆಲಸವಲ್ಲ.

ಸೋಮವಾರಪೇಟೆಯ ನಿವೃತ್ತ ಅಂಚೆ ನೌಕರ

ಪಾರ್ಸೆಲ್ ಅಂಚೆಯ ಮೂಲಕ ಬಂದಿದ್ದರೆ ಸ್ವಲ್ಪ ವ್ಯತ್ಯಾಸವಿದೆ, ಅದನ್ನಷ್ಟೇ ಸೇರಿಸುತ್ತೇನೆ. ಖಾಸಗಿ ಕೊರಿಯರ್‌ಗಳು ಬಾರದ ಊರುಗಳಿಗೆ ಆನ್‌ಲೈನ್ ಪಾರ್ಸೆಲ್‌ಗಳು ಕೊನೆಗೆ ನಮ್ಮ ಶಾಖಾ ಅಂಚೆ ಕಚೇರಿಗಳ ಮೂಲಕವೇ ಹೋಗುತ್ತವೆ. ಕಳೆದುಹೋದ ವಸ್ತುವಿಗೆ ಅಂಚೆ ಇಲಾಖೆಯ ಹೊಣೆಯನ್ನು 1898ರ ಕಾಯ್ದೆ ಬಹಳ ಮಿತಗೊಳಿಸಿತ್ತು; ಅದರ ಬದಲಿಗೆ 2024ರ ಜೂನ್ 18ರಿಂದ ಜಾರಿಗೆ ಬಂದಿರುವ 2023ರ ಅಂಚೆ ಕಚೇರಿ ಕಾಯ್ದೆಯಲ್ಲೂ ನಿಯಮಗಳಲ್ಲಿ ಹೇಳಿದಷ್ಟಕ್ಕೆ ಮಾತ್ರ ಇಲಾಖೆ ಹೊಣೆ. ಹೀಗಾಗಿ ಇಲಾಖೆಯನ್ನು ಮಾತ್ರ ಎದುರುದಾರರನ್ನಾಗಿ ಮಾಡಿದರೆ ಕೈಗೆ ಬರುವುದು ಅಲ್ಪ. ಆದರೆ ಆ ರಕ್ಷಣೆ ಅಂಚೆಗೆ ಇರುವುದೇ ಹೊರತು ನಿಮಗೆ ವಸ್ತು ಮಾರಿದವನಿಗೆ ಅಲ್ಲ. ಅಂಚೆಯಲ್ಲಿ ಹುಡುಕಾಟದ ದೂರನ್ನು ಪಾರ್ಸೆಲ್ ಕಳುಹಿಸಿದವನಿಂದಲೇ ಕೊಡಿಸಿ, ನೀವು ಮಾರಾಟಗಾರನನ್ನು ಹಿಡಿಯಿರಿ.

ಇನ್ನೊಂದು ಮಾತು, ಇದು ವೃತ್ತಿಯ ಅಭಿಮಾನದಿಂದ ಬಂದದ್ದು ಎಂದುಕೊಂಡರೂ ಸರಿ. ಮೂವತ್ತೊಂದು ವರ್ಷಗಳಲ್ಲಿ ವಸ್ತು ಕೊಡುವ ಮೊದಲು ನಾನು ಒಮ್ಮೆಯೂ ಸಹಿ ಹಾಕಿಸಿಕೊಂಡಿಲ್ಲ.

ಸುಂಟಿಕೊಪ್ಪದ ಸಂಶಯವಾದಿ

ಹದಿನೆಂಟು ಸಾವಿರಕ್ಕೆ ಎರಡು ವರ್ಷ ಮಡಿಕೇರಿಗೆ ಓಡಾಡಿದರೆ ಬಸ್ಸಿನ ಖರ್ಚೇ ಅದಕ್ಕಿಂತ ಹೆಚ್ಚಾಗುತ್ತದೆ. ಕಾಯ್ದೆಯಲ್ಲಿ ಮೂರು ತಿಂಗಳು ಎಂದಿರುತ್ತದೆ, ಮೂರು ವರ್ಷ ಹಿಡಿಯುತ್ತದೆ. ಬ್ಯಾಂಕಿಗೆ ಹೇಳಿ ಹಣ ವಾಪಸ್ ತರಿಸಿಕೊಳ್ಳುವುದು ಸುಲಭವಲ್ಲವೇ?

ಕುಶಾಲನಗರದ ಗೃಹಿಣಿ

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಆ ದಾರಿ ಚೆನ್ನಾಗಿದೆ: ವಸ್ತು ಬಂದಿಲ್ಲವೆಂದು ಬ್ಯಾಂಕಿಗೆ ತಕರಾರು ಸಲ್ಲಿಸಿದರೆ ಅವರು ಚಾರ್ಜ್‌ಬ್ಯಾಕ್ ಎತ್ತುತ್ತಾರೆ, ಅಂದರೆ ಮಾರಾಟಗಾರನಿಂದ ಹಣ ಹಿಂದಕ್ಕೆ ಕೇಳುತ್ತಾರೆ, ಅದಕ್ಕೆ ಗಡುವಿರುವುದರಿಂದ ತಡಮಾಡಬಾರದು. ಯುಪಿಐನಲ್ಲೂ ಆ್ಯಪ್ ಮೂಲಕ ಅಥವಾ ಬ್ಯಾಂಕಿನ ಮೂಲಕ ತಕರಾರು ಕೊಡಬಹುದು. ಆದರೆ ಮಾರಾಟಗಾರ ‘ಓಟಿಪಿ ಇದೆ’ ಎಂದು ಕಾಗದ ತೋರಿಸಿದರೆ ಬ್ಯಾಂಕು ವಿಚಾರಣೆ ನಡೆಸುತ್ತಾ ಕೂರುವುದಿಲ್ಲ. ಎರಡನ್ನೂ ಮಾಡಿ, ಒಂದನ್ನು ನಂಬಿ ಇನ್ನೊಂದನ್ನು ಬಿಡಬೇಡಿ.

ಮಡಿಕೇರಿಯ ವಕೀಲ

ವಿಳಂಬದ ಬಗ್ಗೆ ಸಂಶಯವಾದಿಗಳು ಹೇಳಿದ್ದನ್ನು ಅಲ್ಲಗಳೆಯಲಾರೆ. ಒಂದು ಸಮಾಧಾನವಿದೆ: ಎದುರುದಾರರು ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ, ಅದಕ್ಕೆ ಮೀರಿ ಆಯೋಗ ಕಾಲಾವಕಾಶ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ನೀಡಿದೆ. ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಬಹುದು. ಮಳೆಗಾಲದಲ್ಲಿ ನಾಪೋಕ್ಲಿನಿಂದ ವಿಡಿಯೊ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಬೇರೆ ಮಾತು.

ದೂರು ಸಲ್ಲಿಸುವ ಹಂತ ಬಂದರೆ ತಾಣ, ಮಾರಾಟಗಾರ, ಕೊರಿಯರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ತಾಣದವರು ‘ನಾವು ಕೇವಲ ಮಧ್ಯವರ್ತಿ’ ಎನ್ನುತ್ತಾರೆ, ಮಾರಾಟಗಾರ ಕೊರಿಯರ್‌ನತ್ತ ಕೈ ತೋರಿಸುತ್ತಾನೆ, ಕೊರಿಯರ್‌ನವರು ‘ನಮಗೂ ಈ ಗ್ರಾಹಕರಿಗೂ ಒಪ್ಪಂದವೇ ಇಲ್ಲ’ ಎನ್ನುತ್ತಾರೆ. ಮೂವರೂ ಒಂದೇ ಕೋಣೆಯಲ್ಲಿದ್ದರೆ ಈ ಕೈ ತೋರಿಸುವ ಆಟ ನಡೆಯುವುದಿಲ್ಲ. ತಾಣದ ಷರತ್ತುಗಳಲ್ಲಿ ಮಧ್ಯಸ್ಥಿಕೆಗೇ (ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗಿನ ಖಾಸಗಿ ತೀರ್ಪುಗಾರರ ಬಳಿಗೇ) ಹೋಗಬೇಕು ಎಂದು ಬರೆದಿದ್ದರೂ ಹೆದರಬೇಡಿ. ಅಂಥ ಷರತ್ತು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು 2018ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ.

ನಾಪೋಕ್ಲು ಕಡೆಯ ತೋಟದವನು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳುಹಿಸಿದ ಮಾರನೆಯ ದಿನವೇ ಸ್ವೀಕೃತಿ ಬಂತು. ಅದೇ ದಿನ 1915ಕ್ಕೂ ಕರೆ ಮಾಡಿ ದೂರು ದಾಖಲಿಸಿದ್ದೆ. ಗೋಣಿಕೊಪ್ಪಲಿನ ಅಣ್ಣ ಹೇಳಿದಂತೆ ಹಿಂದಿನ ಮತ್ತು ಮುಂದಿನ ವಿಳಾಸಗಳ ಸಮಯವನ್ನು ಕೇಳಿದ್ದಕ್ಕೆ ಹನ್ನೆರಡು ದಿನ ಉತ್ತರವಿರಲಿಲ್ಲ. ಬಳಿಕ ‘ಆಂತರಿಕ ಪರಿಶೀಲನೆಯಲ್ಲಿದೆ’ ಎಂದರು. ಇಪ್ಪತ್ನಾಲ್ಕನೆಯ ದಿನ 18,400 ರೂಪಾಯಿ ಖಾತೆಗೆ ಬಂತು. ಸ್ಥಳದ ದಾಖಲೆಯನ್ನು ಕೊನೆಗೂ ಕೊಡಲಿಲ್ಲ. ಪೆಟ್ಟಿಗೆ ಎಲ್ಲಿ ಹೋಯಿತೆಂದೂ ಹೇಳಲಿಲ್ಲ.

ಹಣದ ಜೊತೆ ಬಂದ ಇಮೇಲ್‌ನಲ್ಲಿ ‘ಇದರೊಂದಿಗೆ ಎಲ್ಲ ಹಕ್ಕೊತ್ತಾಯಗಳೂ ಅಂತಿಮವಾಗಿ ಇತ್ಯರ್ಥವಾಗಿವೆ ಎಂದು ಒಪ್ಪಿ ಉತ್ತರಿಸಿ’ ಎಂಬ ಸಾಲಿದೆ. ಈ ನಡುವೆ ಬಾಡಿಗೆ ಯಂತ್ರಕ್ಕೆ ಐದು ದಿನಗಳಲ್ಲಿ 3,000 ರೂಪಾಯಿ ಕೊಟ್ಟಿದ್ದೇನೆ. ಉತ್ತರಿಸಬೇಕೇ?

ಮಡಿಕೇರಿಯ ವಕೀಲ

ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ಉತ್ತರಿಸುವುದಾದರೆ ‘ವಸ್ತುವಿನ ಬೆಲೆಯನ್ನು ಸ್ವೀಕರಿಸಿದ್ದೇನೆ, ಬಾಡಿಗೆ ವೆಚ್ಚ ಮತ್ತು ಇತರ ಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ’ ಎಂದಷ್ಟೇ ಬರೆಯಿರಿ. ಬಾಡಿಗೆಯ ರಸೀದಿ ಇದೆಯೇ?

ನಾಪೋಕ್ಲು ಕಡೆಯ ತೋಟದವನು

ಇಲ್ಲ. ಪಕ್ಕದ ತೋಟದ ಮಾವನ ಯಂತ್ರ, ಕೈಯಿಂದ ಕೈಗೆ ಕೊಟ್ಟ ಹಣ. ಇಂದು ಅವರಿಂದ ಬರೆಸಿಕೊಳ್ಳುತ್ತೇನೆ. ಹೊಸ ಯಂತ್ರವನ್ನು ಮಡಿಕೇರಿಯ ಅಂಗಡಿಯಲ್ಲಿ 1,100 ರೂಪಾಯಿ ಹೆಚ್ಚು ಕೊಟ್ಟು ಕೊಂಡು, ಯಂತ್ರದ ಸಂಖ್ಯೆ ಬರೆದ ಬಿಲ್ ಸಮೇತ ಬಸ್ಸಿನಲ್ಲಿ ನಾನೇ ತಂದೆ. ಅಷ್ಟರಲ್ಲಿ ತೋಟದ ಕೆಳಗಿನ ಪಟ್ಟಿಯಲ್ಲಿ ಕಳೆ ಸೊಂಟದವರೆಗೆ ಬೆಳೆದಿತ್ತು.